ಅಕ್ಷರಕ್ಕಾಗಿ ಹೊಡೆಯದ ಅತ್ತೆ

ನಮ್ಮ ಅತ್ತೆಯ ಬಲ ಅಂಗೈ ಎಡ ಅಂಗೈಗಿಂತ ಅಗಲವಾಗಿತ್ತು. ದಿನವೂ ಜೋಳದ ರೊಟ್ಟಿ ಬಡಿದು ಬಡಿದು ಅದರ ಗೆರೆಗಳೆಲ್ಲ ಅಳಿಸಿಹೋಗಿ, ಬೆರಳ ಬುಡದಲ್ಲಿ ಜಡ್ಡುಗಟ್ಟಿ, ಹಳೆಯ ಮೆಟ್ಟಿನ ಅಟ್ಟೆಯ ಹಾಗಾಗಿತ್ತು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಒಮ್ಮೆ ಅವಳ ಖಾನಾವಳಿಗೆ ಬಂದಿದ್ದ. ಇವಳು ಕೈ ಚಾಚಿದಳು. ಅವನು ಗೆರೆ ಹುಡುಕಿ ಸಾಕಾಗಿ ತಡವರಿಸಿದಾಗ, "ಇರಲಿ ಬಿಡಪಾ, ಎರಡು ರೊಟ್ಟಿ ತಿಂದು ನಡಿ" ಅಂದಳು. ಆ ಕೈ ಯಾರ ಕಪಾಳಕ್ಕಾದರೂ ಬಿದ್ದರೆ ಐದೂ ಬೆರಳು ಸಂಜೆಯವರೆಗೆ ಎದ್ದು ಕಾಣುತ್ತಿದ್ದವು. ನನ್ನ ಕಪಾಳಕ್ಕೂ ಆ ಕೈಯ ಪರಿಚಯ ಚೆನ್ನಾಗಿಯೇ ಇತ್ತು.

ಅವಳು ನಮ್ಮ ಅಪ್ಪನ ಅಕ್ಕ. ಹಳಿಯಾಳದ ಹತ್ತಿರ ಸಾಂಬ್ರಾಣಿಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಹೊಲದಲ್ಲಿ ತನ್ನ ಪಾಲು ಕೇಳಿದ್ದಕ್ಕೆ ಮೈದುನ ಅವಳ ಕೂದಲು ಹಿಡಿದು ಅಂಗಳದ ತುಂಬ ಎಳೆದಾಡಿದನಂತೆ. ಇವಳು ಬಿಡಿಸಿಕೊಳ್ಳಲು ಹೋಗಲಿಲ್ಲ. ಅವನ ಕುತ್ತಿಗೆಗೇ ಜೋತುಬಿದ್ದು ಕಿವಿ ಕಚ್ಚಿದಳು. ಕಿವಿಯ ತುದಿ ಅವಳ ಬಾಯಲ್ಲೇ ಉಳಿಯಿತು ಎಂದು ಜನ ಆಡಿಕೊಳ್ಳುತ್ತಿದ್ದರು. ಖರೆಯೇನು ಎಂದು ನಾನು ಒಂದು ದಿನ ಕೇಳಿಯೇಬಿಟ್ಟೆ. "ಉಪ್ಪು ಕಮ್ಮಿ ಇತ್ತು" ಎಂದು ಹೇಳಿ ರೊಟ್ಟಿ ಮಗುಚಿ ಹಾಕಿದಳು. ಹೊಲವಂತೂ ಸಿಗಲಿಲ್ಲ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ, ಧಾರವಾಡ ಬೆಳಗಾವಿ ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಬಂದು ಸೇರುತ್ತಿದ್ದ ಕಾಲ ಅದು. ಅಪ್ಪ ಬಾಯ್ಲರ್ ಖಾತೆಯಲ್ಲಿ ಕೆಲಸಕ್ಕೆ ನಿಂತಿದ್ದ. ಅತ್ತೆಯೂ ಬಂದು ನಮ್ಮ ಮನೆಯ ಹಿಂದಿನ ಓಣಿಯಲ್ಲಿ ತಗಡು ಹೊದಿಸಿ ಖಾನಾವಳಿ ತೆರೆದಳು. ಪಾಳಿ ಬಿಟ್ಟು ಬಂದ ಕಾರ್ಮಿಕರು ಸಾಲಾಗಿ ಕೂತರೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು "ಶಿವಾ" ಎಂದ ಬಾಯಿಂದಲೇ ಹಸಿ ಕಟ್ಟಿಗೆ ತಂದವನ ಮೂರು ತಲೆಮಾರನ್ನು ತೊಳೆಯುತ್ತಿದ್ದಳು. ತಾಟಿನಲ್ಲಿ ಯಾರಾದರೂ ರೊಟ್ಟಿ ಬಿಟ್ಟು ಎದ್ದರೆ ಅಂಗಿ ಹಿಡಿದು ಕೂರಿಸಿ ತಿನ್ನಿಸುತ್ತಿದ್ದಳು. ಗಟ್ಟಿಮುಟ್ಟಾದ ಗಂಡಸರು ಅವಳೆದುರು ಬೆಕ್ಕಿನ ಮರಿಗಳಂತೆ ಉಣ್ಣುತ್ತಿದ್ದರು.

ನನಗಾಗ ಹದಿನೈದು ವರ್ಷ, ಏಳನೆಯ ಇಯತ್ತೆ. ನಪಾಸಾಗುತ್ತ ಕೂತಲ್ಲೇ ಕೂತಿದ್ದರಿಂದ ನನ್ನ ತಮ್ಮ ಹಿಂದಿನಿಂದ ಬಂದು ಅದೇ ವರ್ಗದಲ್ಲಿ ನನ್ನನ್ನು ಕೂಡಿಕೊಂಡಿದ್ದ. ಪುಸ್ತಕ ಬಿಚ್ಚಿದರೆ ನನಗೆ ಸಾಲುಗಳು ನಿಲ್ಲುತ್ತಿರಲಿಲ್ಲ. ಒತ್ತಕ್ಷರಗಳು ಯಾವ ಅಕ್ಷರಕ್ಕೆ ಸೇರಿದವೆಂದು ತಿಳಿಯುತ್ತಿರಲಿಲ್ಲ. ನಿನ್ನೆ ಬೆವರಿಳಿಸಿ ಓದಿದ ಶಬ್ದ ಇವತ್ತು ಕಂಡೇ ಇಲ್ಲದ ಶಬ್ದವಾಗಿರುತ್ತಿತ್ತು. ಬಾಯಿಂದ ಹೇಳಿದ ಲೆಕ್ಕ, ಇತಿಹಾಸ, ಭೂಗೋಳ ಎಲ್ಲ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತಿತ್ತು. ಆದರೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಎದ್ದು ನಿಂತು ಓದು ಅನ್ನುತ್ತಿದ್ದರು, ನಾನು ನಿಂತೇ ಇರುತ್ತಿದ್ದೆ.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಆ ಕಾಲದ ಬಹಳ ಶಾಲೆಗಳಲ್ಲಿ ಇತ್ತು. ಉತ್ತರ ಬಾರದವರು ಸಾಲಾಗಿ ನಿಲ್ಲಬೇಕು, ಉತ್ತರ ಹೇಳಿದ ಹುಡುಗ ಬಂದು ಎಡಗೈಯಿಂದ ಅವರ ಮೂಗು ಹಿಡಿದು ಬಲಗೈಯಿಂದ ಕಪಾಳಕ್ಕೆ ಹೊಡೆಯಬೇಕು. ಮೂಗು ಹಿಡಿಯುವುದು ಮುಖ ಆಚೀಚೆ ಸರಿಯದಿರಲಿ ಎಂದು. ಮಾಸ್ತರರಿಗೆ ಕೈ ನೋಯುತ್ತಿರಲಿಲ್ಲ, ಹುಡುಗರಿಗೆ ಆಟ ಸಿಗುತ್ತಿತ್ತು. ನನ್ನ ಮುಖಕ್ಕೆ ಆ ವರ್ಗದ ಎಲ್ಲರ ಕೈಯೂ ಬಿದ್ದಿತ್ತು, ತಮ್ಮನದೊಂದನ್ನು ಬಿಟ್ಟು. ಅವನಿಗೆ ಎಲ್ಲ ಬರುತ್ತಿತ್ತು. ಆದರೂ ನನ್ನ ಮೇಲೆ ಕೈ ಮಾಡಬೇಕಾಗುತ್ತದೆಂದು, ಬಾರದು ಎಂದು ಹೇಳಿ ನನ್ನ ಪಕ್ಕದಲ್ಲೇ ಬಂದು ನಿಂತು ಏಟು ತಿನ್ನುತ್ತಿದ್ದ.

ಒಂದು ದಿನ ಮಾಸ್ತರರಿಗೆ ಅದು ಗೊತ್ತಾಯಿತು. ಅವನ ರಟ್ಟೆ ಹಿಡಿದು ನನ್ನೆದುರು ತಂದು ನಿಲ್ಲಿಸಿದರು. "ಹೊಡಿ ನಿಮ್ಮಣ್ಣಗ" ಅಂದರು. ತಮ್ಮ ನನ್ನ ಮೂಗು ಹಿಡಿದು ಕೆನ್ನೆಯನ್ನು ಮುಟ್ಟಿದ ಅಷ್ಟೇ.

"ಬೆಣ್ಣಿ ಹಚ್ಚಾಕತ್ತೀಯೇನೋ? ಹೊಡಿಯೂದು ಹೆಂಗಂತ ನಾ ತೋರಸ್ತೇನಿ."

ತೋರಿಸಿದ್ದು ತಮ್ಮನ ಮೇಲೆ. ಅವನು ಬಾಕಿನ ಅಂಚಿಗೆ ಬಡಿದು ಬಿದ್ದ. ಕಿವಿಯಿಂದ ರಕ್ತ ಬಂದು ಕಾಲರಿನೊಳಗೆ ಇಳಿಯಿತು. ಬಾಗಿಲ ಪಕ್ಕದಲ್ಲಿ ಶಾಲೆಯ ಗಂಟೆ ಬಾರಿಸುವ ಕಬ್ಬಿಣದ ಸರಳು ತೂಗುಹಾಕಿತ್ತು. ಅದು ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಮಾಸ್ತರರ ದವಡೆಗೆ ಬೀಸಿದೆ. ಅವರು ಗೋಡೆಗೆ ಆತುಕೊಂಡು ಕೆಳಗೆ ಜಾರಿದರು. ಬಾಯಿಂದ ರಕ್ತ, ಅದರ ಜೊತೆ ಎರಡು ಹಲ್ಲು, ಬಿಳಿ ಧೋತರದ ಮೇಲೆ ಬಿದ್ದವು. ಇನ್ನೊಂದು ಸಲ ಎತ್ತಿದ್ದೆ. ದೊಡ್ಡ ಹುಡುಗರು ಮೇಲೆ ಬಿದ್ದು ಕಸಿದುಕೊಳ್ಳದಿದ್ದರೆ ಅವತ್ತು ಅವರ ಹೆಣ ಬೀಳುತ್ತಿತ್ತು.

ಅಪ್ಪ ಪಾಳಿ ಬಿಟ್ಟು ಬಂದವನೇ ನನ್ನ ಕೈಗಳನ್ನು ಹೊರಸಿನ ಕಾಲಿಗೆ ಕಟ್ಟಿದ. ಚರ್ಮದ ಪಟ್ಟೆಯನ್ನು ತಿರುಗಿಸಿ ಹಿಡಿದು, ಬಕ್ಕಲಿನ ಕಡೆಯಿಂದ ಹೊಡೆಯತೊಡಗಿದ. ಅಡ್ಡ ಬಂದ ಅವ್ವನನ್ನು ಒದ್ದ. ಬೆನ್ನ ತೊಗಲು ಕಿತ್ತು ಬರುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ನಾನು ಕೂಗುವುದನ್ನು ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ. ಓಣಿಯ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರನ್ನು ತಳ್ಳಿಕೊಂಡು ಅತ್ತೆ ಬಂದಳು. ಮೊಳಕೈವರೆಗೆ ಜೋಳದ ಹಿಟ್ಟು. ಪಟ್ಟೆ ಕಸಿದು ಹೊರಗೆ ಎಸೆದಳು, ಆಮೇಲೆ ಅಪ್ಪನ ಕಪಾಳಕ್ಕೆ ಒಂದು ಕೊಟ್ಟಳು. ಅವನ ಕೆನ್ನೆಯ ಮೇಲೆ ಐದು ಬೆರಳು ಹಿಟ್ಟಿನಲ್ಲಿ ಮೂಡಿದವು.

"ಅಕ್ಕಾ, ಇವ ಇವತ್ತ ಹಲ್ಲ ಮುರದಾನ. ನಾಳೆ ಕೊಲಿ ಮಾಡ್ತಾನ" ಅಂದ ಅಪ್ಪ.

"ಇದು ಕೊಲಿ ಮಾಡೂ ಕೈ ಅಲ್ಲ. ನಾ ಹೇಳ್ತೇನಿ."

"ನೀ ಹೊಡಿಯಂಗಿಲ್ಲೇನು ಮಂದಿಗೆ?"

"ಹೊಡಿತೇನಿ. ಸುಳ್ಳ ಹೇಳಿದ್ರ ಹೊಡಿತೇನಿ, ಅನ್ನ ಚೆಲ್ಲಿದ್ರ ಹೊಡಿತೇನಿ. ಅಕ್ಷರಕ್ಕ ಹೊಡಿಯಂಗಿಲ್ಲ."

ಅಪ್ಪನದು ಒಂದೇ ಹಟ. ಶಾಲೆಯವರು ನನ್ನ ಹೆಸರು ತೆಗೆದುಹಾಕಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗದವನು ಕಾರ್ಖಾನೆಯ ಬಾಗಿಲು ಕಾಯಲಿಕ್ಕೂ ಲಾಯಕ್ಕಿಲ್ಲ, ಆದ್ದರಿಂದ ಅಣಶಿಯ ಕಾಡಿಗೆ, ಗುತ್ತಿಗೆದಾರನ ಕೈಕೆಳಗೆ ಮರ ಕಡಿಯಲಿಕ್ಕೆ ಕಳಿಸುತ್ತೇನೆ ಎಂದ. ಅಲ್ಲಿಗೆ ಹೋದ ನಮ್ಮ ಓಣಿಯ ಹುಡುಗನೊಬ್ಬ ಉರುಳಿದ ದಿಮ್ಮಿಯಡಿ ಸಿಕ್ಕು, ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಲಾರಿಯಲ್ಲಿ ವಾಪಸು ಬಂದಿದ್ದ. ಅವ್ವ ಅದನ್ನು ನೆನೆದು ತಲೆ ತಲೆ ಚಚ್ಚಿಕೊಂಡಳು. ಅತ್ತೆ ನನ್ನ ಹಗ್ಗ ಬಿಚ್ಚಿ, ಹೆಗಲಿಗೆ ಹಾಕಿಕೊಂಡು ಹೊರಟಳು. "ಮುಲ್ಕಿಗೆ ನಾ ಕೂಡ್ರಸ್ತೇನಿ ಇವನ್ನ. ಅಲ್ಲೀ ಮಟಾ ಈ ಹುಡುಗ ನಂದು" ಅಂದಳು.

ಹೀಗೆ ನಾನು ಖಾನಾವಳಿಗೆ ಸೇರಿದೆ. ಬೆನ್ನಿಗೆ ಅರಿಷಿಣ, ಎಣ್ಣೆ ಹಚ್ಚಿದಳು. ಹಚ್ಚುವಾಗ ನಾನು ಮಿಸುಕಿದರೆ ತಲೆಗೆ ಮೊಟಕಿದಳು.

ಅವಳಿಗೆ ಎಲ್ಲ ತಿಳಿದಿತ್ತು ಎಂದು ನಾನು ಹೇಳಲಾರೆ. ಮೊದಲು ಅವಳು ಮಾಡಿದ್ದು ಘೋರ ತಪ್ಪು. ಕಣ್ಣಿನಲ್ಲಿ ದೋಷ ಇರಬೇಕು, ಬರೆ ಹಾಕಿಸಿದರೆ ಹೋಗುತ್ತದೆ ಎಂದು ಯಾರೋ ಹೇಳಿದರು. ಮಕ್ಕಳ ಕಾಮಾಲೆಗೆ, ಮೂರ್ಛೆಗೆ ಬರೆ ಹಾಕಿಸುತ್ತಿದ್ದ ಜನ ನಾವು, ಅಕ್ಷರಕ್ಕೂ ಹಾಕಿಸಿದೆವು. ಜೋಯಿಡಾ ಕಡೆಯ ಒಬ್ಬ ಮುದುಕ ಬಂದ. ಕುಡುಗೋಲಿನ ತುದಿಯನ್ನು ಒಲೆಯಲ್ಲಿಟ್ಟು ಕೆಂಪಗೆ ಕಾಸಿದ. ಅತ್ತೆ ನನ್ನನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದಳು. ಒಂದು ಹುಬ್ಬಿನ ಪಕ್ಕ, ಆಮೇಲೆ ಇನ್ನೊಂದು. ನನ್ನ ತೊಗಲು ಸುಟ್ಟ ವಾಸನೆ ನನಗೇ ಬಂತು. ನಾನು ಅವಳ ತೊಡೆ ಕಚ್ಚಿದೆ. ಅವಳು ಕೈ ಸಡಿಲಿಸಲಿಲ್ಲ.

ನೋವು ಇಳಿದ ಮೇಲೆ ಪುಸ್ತಕ ತಂದು ಮುಂದಿಟ್ಟಳು. ಅಕ್ಷರಗಳು ಮೊದಲಿನಂತೆಯೇ ಇದ್ದವು. ನಾನು ಓದಲಿಲ್ಲ. ಮುದುಕ ಇನ್ನೂ ಹೊಸ್ತಿಲಲ್ಲಿ ಕೂತು ಕಿರುಗಣ್ಣಿನಿಂದ ನೋಡುತ್ತ, ಇನ್ನೆರಡು ಹಾಕಬೇಕಾಗುತ್ತದೆ ಅಂದ. ಅತ್ತೆ ಕುಡುಗೋಲನ್ನು ಮತ್ತೆ ಒಲೆಗಿಟ್ಟಳು. ಕಾದ ಮೇಲೆ ಅವನ ಕೈಗೆ ಕೊಡದೆ, ತನ್ನ ಎಡ ಮುಂಗೈ ಮೇಲೆ ತಾನೇ ಒತ್ತಿಕೊಂಡಳು. ಬಾಯಿ ಬಿಗಿದುಕೊಂಡು ಒತ್ತಿಯೇ ಹಿಡಿದಳು. ತೆಗೆದಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ಇದು ಔಷಧ ಅಲ್ಲ. ಇದು ಬರೇ ಬೆಂಕಿ" ಎಂದು ಮುದುಕನ ಕಡೆ ಕುಡುಗೋಲು ತಿರುಗಿಸಿದಳು. ಅವನು ಚಪ್ಪಲಿ ಬಿಟ್ಟು ಓಡಿದ. ಅವಳು ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು, "ನನ್ನ ಕೈಯಿಂದ ಆತಲ್ಲೋ ಯಪ್ಪಾ, ನನ್ನ ಕೈಯಿಂದನಽ ಆತಲ್ಲೋ" ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಅವಳು ನನ್ನನ್ನು ನೋಡುತ್ತ ಹೋದಳು. ಖಾನಾವಳಿಯಲ್ಲಿ ಯಾರಿಗೆ ಕಟಕ ರೊಟ್ಟಿ, ಯಾರಿಗೆ ಮೆತ್ತನ್ನ ರೊಟ್ಟಿ, ಯಾರು ಇವತ್ತು ಎರಡನೆಯ ಪಾಳಿ, ಯಾರು ಊರಿಗೆ ಹೋಗಿದ್ದಾರೆ, ಎಲ್ಲ ನನ್ನ ಬಾಯಲ್ಲೇ ಇತ್ತು. ತಮ್ಮ ಸಂಜೆ ಬಂದು ಪಾಠ ಗಟ್ಟಿಯಾಗಿ ಓದಿಕೊಂಡರೆ, ಕಟ್ಟಿಗೆ ಒಡೆಯುತ್ತ ಕೇಳಿಸಿಕೊಂಡ ನಾನು ಅದನ್ನು ಮರುದಿನ ಹಾಗೆ ಹಾಗೆಯೇ ಹೇಳುತ್ತಿದ್ದೆ. ಅತ್ತೆ ಸೌಟು ಹಿಡಿದು ನಿಂತು ಕೇಳಿದಳು.

"ಕಿವಿಯಾಗ ಹೋಗಿದ್ದು ನಿಲ್ತೈತಿ. ಕಣ್ಣಾಗ ಹೋಗಿದ್ದು ನಿಲ್ಲಂಗಿಲ್ಲ. ಹೌದಲ್ಲ?" ಅಂದಳು.

ಹೌದು ಅಂದೆ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದೇ ಅದು ಮೊದಲು. ಮೈಯಲ್ಲಿದ್ದ ಕಲ್ಲೊಂದು ಇಳಿದಂತಾಯಿತು.

ಅವತ್ತಿನಿಂದ ಉಣ್ಣಲು ಬಂದವರಲ್ಲಿ ಓದು ಬಂದವರೆಲ್ಲ ನನಗೆ ಪಾಠ ಓದಿ ಹೇಳಬೇಕು, ಆಮೇಲೆಯೇ ರೊಟ್ಟಿ. ಹಸಿದವನೊಬ್ಬ ಗೊಣಗಿದ್ದಕ್ಕೆ ಅವನ ಮುಂದಿನ ತಾಟು ಎತ್ತಿಕೊಂಡು ಹೋದಳು. ಇತಿಹಾಸ ಒಬ್ಬ, ಭೂಗೋಳ ಒಬ್ಬ. ಬರೆಯುವುದಕ್ಕೆ ತಮ್ಮ ಒಂದೊಂದು ಅಕ್ಷರವನ್ನು ಹಿಟ್ಟಿನ ಪರಾತದಲ್ಲಿ ಬೆರಳಿನಿಂದ ತಿದ್ದಿಸಿದ. ಬಹಳ ನಿಧಾನವಾಗಿ ಸ್ವಲ್ಪ ಬಂತು.

ಆದರೆ ಪರೀಕ್ಷೆಗೆ ಕೂರಬೇಕಾದರೆ ಶಾಲೆಗೆ ಮತ್ತೆ ಸೇರಬೇಕಿತ್ತು. ಹೆಡ್ ಮಾಸ್ತರರು ಅದನ್ನು ಏಟು ತಿಂದ ಮಾಸ್ತರರಿಗೇ ಬಿಟ್ಟರು. ಅವರು ಮೊದಲು ದಿನಾ ಅತ್ತೆಯ ಖಾನಾವಳಿಯಲ್ಲೇ ಉಣ್ಣುತ್ತಿದ್ದವರು. ಆ ದಿನದ ನಂತರ ಈ ಕಡೆ ತಲೆ ಹಾಕಿರಲಿಲ್ಲ. ಅತ್ತೆ ಹೋಗಿ ಸೆರಗು ಒಡ್ಡಿ ಕೇಳಿದಳು. ಹಲ್ಲು ಹೋದದ್ದರಿಂದ ಅವರ ಮಾತಿನಲ್ಲಿ ಗಾಳಿ ಸೇರುತ್ತಿತ್ತು. "ಬರ್ಲಿ. ಎಲ್ಲಾರಗತೆ ನಿಲ್ಲಲಿ. ಬರಲಿಲ್ಲಂದ್ರ ಇಡೀ ವರ್ಗ ಹೊಡೀತೈತಿ. ನಿಯಮ ಎಲ್ಲಾರಿಗೂ ಒಂದಽ" ಅಂದರು. ನಾನು ಎದ್ದು ನಿಂತು ಒಂದು ಸಾಲೂ ಓದಲಾರೆ ಎಂಬುದು ಅವರಿಗೆ ಗೊತ್ತಿತ್ತು, ಇಡೀ ವರ್ಗ ಕಾಯುತ್ತಿದೆ ಎಂಬುದೂ ಗೊತ್ತಿತ್ತು. ನಾನು ತಿರುಗಿ ಕೈ ಎತ್ತುತ್ತೇನೆ, ಆಮೇಲೆ ಪೊಲೀಸರು, ಆಮೇಲೆ ಜೈಲು ಎಂದು ನನಗೂ ಗೊತ್ತಿತ್ತು. ಅಷ್ಟು ಸಿಟ್ಟು ನನ್ನಲ್ಲಿ ಕುದಿಯುತ್ತಿತ್ತು.

ಮರುದಿನ ಅತ್ತೆ ನನ್ನ ಜೊತೆ ಶಾಲೆಗೆ ಬಂದಳು. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ತಾನು ಒಳಗೆ ಹೋಗಿ ನನ್ನ ಜಾಗದಲ್ಲಿ, ಹುಡುಗರ ನಡುವೆ ಬಾಕಿನ ಮೇಲೆ ಕೂತಳು. ಹುಡುಗರು ಕಿಸಕ್ಕನೆ ನಕ್ಕರು.

"ಇದೇನಬೇ? ಏಳು ಹೊರಗ" ಅಂದರು ಮಾಸ್ತರರು.

"ಮೊದ್ಲ ನನ್ನ ಕೇಳ್ರಿ. ನನಗೂ ಓದಾಕ ಬರಂಗಿಲ್ಲ." ಎದ್ದು ಬೋರ್ಡಿನ ಮುಂದೆ ನಿಂತಳು. "ಬರಂಗಿಲ್ಲದವ್ರಿಗೆ ಏನ ಮಾಡ್ತೀರಿ, ಮಾಡ್ರಿ. ನಿಯಮ ಎಲ್ಲಾರಿಗೂ ಒಂದಽ ಅಂದ್ರಲ್ಲ."

ಮಾಸ್ತರರ ಮುಖ ಕಪ್ಪಿಟ್ಟಿತು. ಹೋಗು ಎಂದು ಗದರಿಸಿದರು. ಅವಳು ಕದಲಲಿಲ್ಲ. ಆ ಗಳಿಗೆಯಲ್ಲಿ ಅವರಿಗೆ ಏನಾಯಿತೋ, ಮುರಿದ ದವಡೆಯ ನೋವೋ, ಹುಡುಗರೆದುರು ಸೋಲಬಾರದೆಂಬ ಛಲವೋ, ಮಾನಿಟರ್ ಹುಡುಗನಿಗೆ "ಹೊಡಿಯೋ" ಅಂದರು. ಹುಡುಗ ಬಂದು ನಮ್ಮ ಅತ್ತೆಯ ಮೂಗು ಹಿಡಿದ. ಕಪಾಳಕ್ಕೆ ಮೆಲ್ಲಗೆ ಹೊಡೆದ.

"ನನ್ನ ಹುಡುಗಗೂ ಹಿಂಗಽ ಹೊಡೀತಿದ್ರೇನು? ಜೋರ ಹೊಡಿ" ಅಂದಳು.

ಅವನು ಜೋರಾಗಿ ಹೊಡೆದ. ಅವಳ ತಲೆಯ ಮೇಲಿನ ಸೆರಗು ಜಾರಿತು. ಎರಡನೆಯವನು ಬಂದ, ಮೂರನೆಯವನು ಬಂದ. ಅವಳ ತುಟಿ ಒಡೆದು ರಕ್ತ ಬಂತು. ಹುಡುಗರ ನಗು ಯಾವಾಗಲೋ ನಿಂತುಹೋಗಿತ್ತು. ಬಾಗಿಲಲ್ಲಿ ನನ್ನ ಉಗುರುಗಳು ಅಂಗೈಯೊಳಗೆ ಇಳಿದಿದ್ದವು. ಅವಳು ತಿರುಗಿ ನನ್ನ ಮೇಲೆ ಕಣ್ಣಿಟ್ಟು, "ಅಲ್ಲೇ ನಿಂದ್ರು" ಅಂದಳು. ನಾನು ನಿಂತೆ. ತಮ್ಮನ ಸರದಿ ಬಂದಾಗ ಅವನು ಎದ್ದು ಬಂದು, ಅವಳ ಸೊಂಟ ಅಪ್ಪಿ ಹಿಡಿದು, ಬಿಕ್ಕಿ ಬಿಕ್ಕಿ ಅತ್ತ. ಇದನ್ನೆಲ್ಲ ನಾನು ಹೇಳುತ್ತಿದ್ದೇನೆ, ಬರೆದುಕೊಳ್ಳುತ್ತಿರುವವನು ಅದೇ ತಮ್ಮ. ಈ ಮಾತಿಗೆ ಬಂದಾಗ ಅವನು ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಬಂದ. ಮಾಸ್ತರರ ಏಟಿಗೆ ರಕ್ತ ಬಂದಿದ್ದ ಆ ಕಿವಿ ಅವನಿಗೆ ಈಗಲೂ ಕೇಳಿಸುವುದಿಲ್ಲ.

ಅಷ್ಟರಲ್ಲಿ ಹೆಡ್ ಮಾಸ್ತರರು ಓಡಿ ಬಂದರು. ಅತ್ತೆ ಸೆರಗಿನಿಂದ ತುಟಿ ಒರೆಸಿಕೊಂಡಳು. ಬೋರ್ಡಿನ ಮೇಲೆ ಬರೆದಿದ್ದನ್ನು ಒಮ್ಮೆ ನೋಡಿದಳು.

"ಇಷ್ಟ ಮಂದಿ ಹೊಡದ್ರೂ ನನಗ ಓದಾಕ ಬರಲಿಲ್ಲ ನೋಡ್ರಿ ಮಾಸ್ತರ. ಅವಗ ಹೆಂಗ ಬಂದೀತು?"

ಎಲ್ಲರೂ ಅವಳ ಬಲಗೈಯನ್ನೇ ನೋಡುತ್ತಿದ್ದರು. ಅದು ಮಾಸ್ತರರ ಕೆನ್ನೆಗೆ ಬೀಳಲಿ ಎಂದು ನಾನು ಮನಸಾರೆ ಬೇಡಿಕೊಂಡೆ. ಅವಳು ಆ ಕೈಯಿಂದ ನನ್ನ ಬೆನ್ನು ತಳ್ಳಿ ಒಳಗೆ ಕೂರಿಸಿ, ರೊಟ್ಟಿಗೆ ಹೊತ್ತಾಯಿತೆಂದು ಹೊರಟುಹೋದಳು.

ಆ ಪದ್ಧತಿ ಶಾಲೆಯಲ್ಲಿ ನಿಂತುಬಿಟ್ಟಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೊಬ್ಬನಿಗೆ ನಿಂತಿತು. ಪರೀಕ್ಷೆಗೆ ಕೂತೆ. ಪಾಸಾಗಲಿಲ್ಲ, ಬಾಯಲ್ಲಿ ಕೇಳಿದ್ದರೆ ಆಗುತ್ತಿದ್ದೆನೇನೋ, ಬರೆಯುವುದರಲ್ಲಿ ಬಿದ್ದೆ. ಮಾತಿನಂತೆ ಅಪ್ಪ ಗುತ್ತಿಗೆದಾರನ ಆಳುಗಳನ್ನು ನೋಡಿಕೊಳ್ಳುವ ಮುಕಾದಮನನ್ನು ಕರೆದುಕೊಂಡು ನನ್ನನ್ನು ಒಯ್ಯಲು ಬಂದ. ಮುಕಾದಮ ನನ್ನ ರಟ್ಟೆಗೆ ಕೈ ಹಾಕಿದ. ಅತ್ತೆ ಒಲೆಯಿಂದ ಉರಿಯುವ ಕೊಳ್ಳಿ ಎಳೆದು ಅವನ ಎದೆಗೇ ಹಿಡಿದಳು. ಅಂಗಿ ಚುರುಗುಟ್ಟಿತು. "ಫೇಲ್ ಆಗಿದ್ದು ಅವ. ನಾ ಆಗಿಲ್ಲ. ಒಯ್ಯಿ ನೋಡೂಣು" ಅಂದಳು. ಉಣ್ಣುತ್ತಿದ್ದ ಗಂಡಸರೆಲ್ಲ ಎಂಜಲು ಕೈಯಲ್ಲೇ ಎದ್ದು ಅವಳ ಹಿಂದೆ ನಿಂತರು. ಅಪ್ಪ ತಲೆ ತಗ್ಗಿಸಿ ಹೋದ. ಅವರಲ್ಲಿದ್ದ ಫಿಟ್ಟರನೊಬ್ಬ ನನ್ನನ್ನು ತನ್ನ ಕೈಕೆಳಗೆ ತೆಗೆದುಕೊಂಡ. ಅಲ್ಲಿ ನೋಡಿ, ಮುಟ್ಟಿ, ಸದ್ದು ಕೇಳಿ ಕಲಿಯುವುದಿತ್ತು, ಕಲಿತೆ. ಮುಂದೆ ಅದರಲ್ಲೇ ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ.

ಈಚೆಗೆ ನನ್ನ ಮೊಮ್ಮಗ ನನ್ನಂತೆಯೇ ಪುಸ್ತಕದ ಮುಂದೆ ಕಳೆದುಹೋಗುತ್ತಾನೆಂದು ಧಾರವಾಡಕ್ಕೆ ಕರೆದುಕೊಂಡು ಹೋಗಿದ್ದೆವು. ಡಿಸ್ಲೆಕ್ಸಿಯಾ ಇರಬಹುದು, ದಡ್ಡತನವಲ್ಲ, ಯಾರ ತಪ್ಪೂ ಅಲ್ಲ, ಬೇರೆ ರೀತಿಯಲ್ಲಿ ಕಲಿಸಬೇಕು ಎಂದು ಡಾಕ್ಟರಮ್ಮ ಮೃದುವಾಗಿ ಹೇಳಿದರು. ನನಗೂ ಅದೇ ಇತ್ತೋ ಏನೋ, ನನ್ನನ್ನು ಯಾರೂ ಪರೀಕ್ಷಿಸಿದವರಿಲ್ಲ. ಆ ತಂಪು ಕೋಣೆಯಲ್ಲಿ ಕೂತು ನನಗೆ ಸಂತೋಷದ ಬದಲು ಸಿಟ್ಟು ಬಂತು. ಈ ನಾಲ್ಕು ಮಾತು ಆಗ ಯಾರಾದರೂ ಹೇಳಿದ್ದರೆ ಅಷ್ಟು ರಕ್ತ ಹರಿಯುತ್ತಿರಲಿಲ್ಲ.

ಅತ್ತೆ ಅದನ್ನೆಲ್ಲ ನೋಡಲು ಉಳಿಯಲಿಲ್ಲ. ನಾನು ಫಿಟ್ಟರನ ಕೈಕೆಳಗೆ ಇದ್ದಾಗಲೇ, ಒಂದು ಮಳೆಗಾಲದಲ್ಲಿ ಜ್ವರ ಹಿಡಿದು ಮಲಗಿದವಳು ಏಳಲಿಲ್ಲ. ಸೂಜಿ ಚುಚ್ಚಲು ಬಂದ ಕಂಪೌಂಡರನ ಕೈಗೆ ಹೊಡೆದು ಸೂಜಿ ಬೀಳಿಸಿದಳು. ಕೊನೆಯ ದಿನ ಅಪ್ಪನನ್ನು ಹತ್ತಿರ ಕರೆದು, "ಇವನ ಮ್ಯಾಲ ಇನ್ನೊಮ್ಮೆ ಕೈ ಎತ್ತಿದ್ರ ಮಣ್ಣಾಗಿಂದ ಎದ್ದ ಬರ್ತೇನಿ ನೋಡು" ಅಂದಳು. ಅಪ್ಪ ಹ್ಞೂಂ ಎಂದು ಅವಳ ಪಾದಕ್ಕೆ ಹಣೆ ಹಚ್ಚಿದ.

ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದೆವು. ಪಾಳಿ ಬಿಟ್ಟು ಬಂದವರು, ಪಾಳಿಗೆ ಹೋಗಬೇಕಾದವರು ಎಲ್ಲ ಸೇರಿದ್ದರು. ಒಬ್ಬೊಬ್ಬರೇ ಬಂದು ಹಿಡಿ ಹಿಡಿ ಮಣ್ಣು ಹಾಕುತ್ತಿದ್ದಾಗ, ಗುಂಪಿನ ಆಚೆ ಸೊಟ್ಟ ದವಡೆಯ ಮುಖವೊಂದು ಕಂಡಿತು. ಮಾಸ್ತರರು. ಹತ್ತಿರ ಬರಲೋ ಬೇಡವೋ ಎಂದು ನಿಂತಿದ್ದರು. ನನಗೆ ಅವಳ ಒಡೆದ ತುಟಿ ಕಂಡಿತು. ಅವಳ ಸಾವಿಗೆ ಯಾರನ್ನಾದರೂ ಹೊಡೆಯಬೇಕು ಎಂದು ಬೆಳಗಿನಿಂದ ಮೈ ಉರಿಯುತ್ತಿತ್ತು, ಇಗೋ ಸಿಕ್ಕರು. ಬಗ್ಗಿ ಹಿಡಿ ತುಂಬ ಹಸಿ ಮಣ್ಣು ಎತ್ತಿಕೊಂಡು ನೆಟ್ಟಗೆ ಅವರ ಕಡೆ ನಡೆದೆ. ಅಪ್ಪ ನನ್ನ ಹೆಸರು ಹಿಡಿದು ಕೂಗಿದ. ಜನ ದಾರಿ ಬಿಟ್ಟರು.

ಮಾಸ್ತರರು ಒಂದು ಹೆಜ್ಜೆ ಹಿಂದೆ ಸರಿದು, ಮೊಳಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಶಾಲೆಯಲ್ಲಿ ವರ್ಷಗಟ್ಟಲೆ, ಮೂಗಿಗೆ ಕೈ ಬರುವ ಮೊದಲು, ನಾನು ಹಿಡಿದದ್ದು ಹಾಗೆಯೇ. ಮೊಳಕೈಯ ಹಿಂದೆ ಕಣ್ಣು ಮುಚ್ಚಿಕೊಂಡು ಏಟಿಗಾಗಿ ಕಾಯುವುದು ಎಂದರೆ ಏನು ಎಂದು ನನಗೆ ಗೊತ್ತಿತ್ತು. ನನ್ನ ಕೈ ಮೇಲೇಳಲಿಲ್ಲ. ಮುಷ್ಟಿ ಬಿಚ್ಚಿ ಅವರ ಮುಂದೆ ಹಿಡಿದೆ.

"ಬರ್ರಿ ಮಾಸ್ತರ. ಮಣ್ಣ ಹಾಕ್ರಿ ನಮ್ಮ ಅತ್ತಿಗೆ" ಅಂದೆ.

ಅವರು ಮೊಳಕೈ ಇಳಿಸಿ, ಎರಡೂ ಕೈ ಒಡ್ಡಿ, ನನ್ನ ಕೈಯಿಂದ ಮಣ್ಣು ತೆಗೆದುಕೊಂಡರು.